ಬಂದಿಳಿಯುವ ಸಮಯ

ಮೂರು ವರ್ಷಗಳ ಹಿಂದೆ, ಮಗಳ ಐದನೆಯ ಹುಟ್ಟುಹಬ್ಬದ ಸಂಜೆ, ಗೋಡೆಗೆ ಅಂಟಿಸಿದ್ದ ಗ್ರಹಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ಕರೆಗಂಟೆಯ ಸದ್ದಾಯಿತು. ಯಾರೋ ಬಿಟ್ಟುಹೋದ ನೀರಿನ ಬಾಟಲಿಗಾಗಿ ವಾಪಸು ಬಂದಿರಬೇಕೆಂದುಕೊಂಡು ಬಾಗಿಲು ತೆರೆದರೆ, ಹೊಸ್ತಿಲಾಚೆ ಒಬ್ಬ ಪುಟ್ಟ ಗಗನಯಾತ್ರಿ ನಿಂತಿದ್ದ. ರಟ್ಟಿನ ಡಬ್ಬಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮಾಡಿದ ಶಿರಸ್ತ್ರಾಣ, ಬೆನ್ನಿಗೆ ಎರಡು ಖಾಲಿ ಬಾಟಲಿಗಳನ್ನು ಕಟ್ಟಿ ಮಾಡಿದ ಆಮ್ಲಜನಕದ ಸಿಲಿಂಡರು, ಕೈಯಲ್ಲಿ ಉಡುಗೊರೆಯ ಪೊಟ್ಟಣ. ಅವನ ಹಿಂದಿದ್ದ ತಂದೆ ಮನೆಯೊಳಗಿನ ನಿಶ್ಶಬ್ದವನ್ನೂ ನನ್ನ ಕೈಯಲ್ಲಿದ್ದ ಶನಿಗ್ರಹವನ್ನೂ ನೋಡಿ, "ಆರೂವರೆ ಅಂತ ಇತ್ತಲ್ವಾ ಕಾರ್ಡಿನಲ್ಲಿ?" ಎಂದರು.

ಇತ್ತು. ಆರೂವರೆ ಎಂದು ಬರೆದವಳು ನಾನೇ. ಅಂತರಿಕ್ಷದ ಥೀಮ್ ಎಂದ ಮೇಲೆ ಎಲ್ಲವೂ ಅಂತರಿಕ್ಷದ ಭಾಷೆಯಲ್ಲೇ ಇರಬೇಕೆಂಬ ಹುಮ್ಮಸ್ಸಿನಲ್ಲಿ "ಉಡಾವಣೆ: 4 ಗಂಟೆ, ಬಂದಿಳಿಯುವ ಸಮಯ: 6.30" ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ. ಅವರ ಕೈಗೆ ಸಿಕ್ಕಿದ ಕಾರ್ಡಿನಲ್ಲಿ ಮೊದಲ ಸಾಲು ಓದುವಂತೆಯೇ ಇರಲಿಲ್ಲ. ಕಪ್ಪು ಆಕಾಶದ ಮೇಲೆ ತೆಳುನೀಲಿ ಅಕ್ಷರಗಳು ಪರದೆಯಲ್ಲಿ ಹೊಳೆಯುತ್ತಿದ್ದವು. ಪರದೆ ತನ್ನೊಳಗಿನಿಂದ ಬೆಳಕನ್ನು ಹೊರಚೆಲ್ಲುತ್ತದೆ, ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮುದ್ರಣವಾಗಿ ಬಂದಾಗ ಆ ನೀಲಿ ಕಪ್ಪಿನೊಳಗೆ ಮುಳುಗಿಹೋಗಿತ್ತು. ಹಳದಿಯಲ್ಲಿದ್ದ ಎರಡನೆಯ ಸಾಲು ಮಾತ್ರ ಎದ್ದು ಕಾಣುತ್ತಿತ್ತು. ಬಂದಿಳಿಯುವ ಸಮಯ ಎಂದರೆ ಅತಿಥಿಗಳು ಬಂದು ಇಳಿಯುವ ಸಮಯವೆಂದು ಅವರು ಅರ್ಥಮಾಡಿಕೊಂಡರು. ಈಗ ಯೋಚಿಸಿದರೆ, ಆ ಮಾತಿಗೆ ಅದಕ್ಕಿಂತ ಸಹಜವಾದ ಅರ್ಥ ಬೇರೊಂದಿಲ್ಲ.

ಅಂದು ನಾವು ಗ್ರಹಗಳನ್ನು ಮತ್ತೆ ಗೋಡೆಗೆ ಅಂಟಿಸಿದೆವು. ಇಬ್ಬರು ಮಕ್ಕಳು ಅರ್ಧ ತಾಸು ಚಂದ್ರನ ಮೇಲೆ ನಡೆದಾಡಿದರು. ಹುಡುಗ ಅತ್ತಿರಲಿಲ್ಲ, ದೂರಿರಲೂ ಇಲ್ಲ. ಆದರೆ ಒಳಗೆ ಬಂದ ಕ್ಷಣ ಅವನು ಸುತ್ತಲೂ ನೋಡಿ, ಶಿರಸ್ತ್ರಾಣವನ್ನು ಮೆಲ್ಲಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡದ್ದು ನನಗೆ ಇಂದಿಗೂ ಮರೆತಿಲ್ಲ. ಆ ಕಾರ್ಡು ತಯಾರಾದದ್ದು ಒಂದೇ ರಾತ್ರಿಯಲ್ಲಿ. 2006ರಲ್ಲೇ ಗ್ರಹಗಳ ಪಟ್ಟಿಯಿಂದ ಹೊರಬಿದ್ದ ಪ್ಲೂಟೋ ಕಾರ್ಡಿನ ಮೂಲೆಯಲ್ಲಿ ಇರಬೇಕೇ ಬೇಡವೇ ಎಂದು ಅರ್ಧ ಗಂಟೆ ಚರ್ಚಿಸಿದ್ದ ನಾನು, ನಾಲ್ಕು ಗಂಟೆ ಎಂಬ ಸಾಲು ಕಾಗದದ ಮೇಲೆ ಕಾಣುತ್ತದೆಯೇ ಎಂದು ಅರ್ಧ ನಿಮಿಷವೂ ನೋಡಿರಲಿಲ್ಲ.

ಬಾ ಮತ್ತು ಬನ್ನಿ

ಈ ವರ್ಷ ಮತ್ತೆ ಅದೇ ಗಡಿಬಿಡಿ. ಕಾಡಿನ ಪ್ರಾಣಿಗಳೆಂದು ಶುರುವಾದ ಮಗಳ ಥೀಮು ರೈಲಿಗೆ ಹೊರಳಿ, ಅಲ್ಲಿಂದ ಸಮುದ್ರದಾಳಕ್ಕೆ ಇಳಿಯುವ ಹೊತ್ತಿಗೆ ಗುರುವಾರದ ಸಂಜೆಯಾಗಿತ್ತು. ಹುಟ್ಟುಹಬ್ಬ ಭಾನುವಾರ. ಕರೆಯಬೇಕಾದ ಮಕ್ಕಳು ಹದಿನಾರು. ಯುದ್ಧಕಾಲೇ ಶಸ್ತ್ರಾಭ್ಯಾಸವೆಂದು ನನ್ನನ್ನು ನಾನೇ ಬೈದುಕೊಂಡು ಮೊದಲಿನಂತೆಯೇ ಕಂಪ್ಯೂಟರಿನ ಮುಂದೆ ಕುಳಿತೆ. ಹಳೆಯ ಕಡತವನ್ನು ತೆರೆದು, ಗ್ರಹಗಳನ್ನು ಅಳಿಸಿ ಮೀನುಗಳನ್ನು ಇಟ್ಟರೆ ಮುಗಿಯಿತೆಂಬುದು ನನ್ನ ಲೆಕ್ಕಾಚಾರ. ತೆರೆದೊಡನೆ ಕಣ್ಣಿಗೆ ಬಿದ್ದದ್ದು "ಬಂದಿಳಿಯುವ ಸಮಯ". ಕಡತವನ್ನು ಮುಚ್ಚಿಬಿಟ್ಟೆ.

ಮುಚ್ಚಿದ್ದು ಒಳ್ಳೆಯದೇ ಆಯಿತು. ಹಳೆಯ ಕಾರ್ಡನ್ನು ತಿದ್ದಿ ಬಳಸುವವರು ಬೀಳುವ ಇನ್ನೊಂದು ಹಳ್ಳವಿದೆ. ತಾರೀಖು ಅದೇ ಇರುವುದರಿಂದ ವರ್ಷವನ್ನಷ್ಟೇ ಬದಲಿಸುತ್ತೇವೆ, ವಾರ ಹಾಗೆಯೇ ಉಳಿದುಬಿಡುತ್ತದೆ. 365 ದಿನಗಳೆಂದರೆ ಐವತ್ತೆರಡು ವಾರಗಳ ಮೇಲೆ ಒಂದು ದಿನ. ಆದ್ದರಿಂದ ಅದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದಕ್ಕೆ ಜರುಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. ಹಾಗೆಂದು ವಾರವನ್ನು ಬರೆಯದೆ ಬಿಡಬಾರದು. ತಾರೀಖು, ವಾರ ಎರಡೂ ಇದ್ದರೆ ಒಂದರಲ್ಲಿ ತಪ್ಪಾದಾಗ ಓದಿದವರು ಅನುಮಾನಪಟ್ಟು ಕೇಳುತ್ತಾರೆ. ಒಂದೇ ಇದ್ದರೆ ತಪ್ಪನ್ನೇ ನಂಬಿ ಬರುತ್ತಾರೆ, ಇಲ್ಲವೇ ಬಾರದೆ ಉಳಿಯುತ್ತಾರೆ.

ಖಾಲಿ ಹಾಳೆಯ ಮೇಲೆ ಹೊಸದಾಗಿ ಬರೆಯಲು ಹೊರಟಾಗ ಮೊದಲ ಪದದಲ್ಲೇ ಕೈ ನಿಂತಿತು. "ಸಮುದ್ರದಾಳಕ್ಕೆ ಬಾ" ಎಂದು ಬರೆಯಬೇಕೋ, "ಬನ್ನಿ" ಎಂದೋ? ಕರೆಯುತ್ತಿರುವುದು ಎಂಟು ವರ್ಷದ ಮಗುವನ್ನು, ಕರೆಯುತ್ತಿರುವವಳೂ ಎಂಟು ವರ್ಷದವಳೇ. ಅವಳು ತನ್ನ ಗೆಳತಿಗೆ ಬನ್ನಿ ಎಂದು ಬರೆದರೆ ಅದು ಅಣಕದಂತೆ ಕೇಳಿಸುತ್ತದೆ. ಆದರೆ ಕಾರ್ಡನ್ನು ಓದಿ, ದಿನವನ್ನು ನೆನಪಿಟ್ಟುಕೊಂಡು, ಮಗುವನ್ನು ಕರೆತಂದು, ಮತ್ತೆ ಬಂದು ಕರೆದೊಯ್ಯುವವರು ದೊಡ್ಡವರು. ಅವರಿಗೆ ಬಾ ಎನ್ನಲಾಗದು. ನಮ್ಮ ಕ್ರಿಯಾಪದವೇ ಕೇಳುತ್ತಿತ್ತು: ಇದು ಯಾರಿಗೆ? ಮೂರು ವರ್ಷಗಳ ಹಿಂದೆ ನಾನು "ಆಗಮಿಸಬೇಕಾಗಿ ಕೋರಿಕೆ" ಎಂಬ ದೊಡ್ಡವರ ಆಮಂತ್ರಣದ ಭಾಷೆಯನ್ನೂ ರಾಕೆಟ್ಟಿನ ತಮಾಷೆಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ್ದೆ. ಅಂದು ಎಡವಿದ್ದು ಅಲ್ಲಿಯೇ. ಮಗುವಿನ ಹುಟ್ಟುಹಬ್ಬದ ಕಾರ್ಡಿಗೆ ಇಬ್ಬರು ಓದುಗರಿರುತ್ತಾರೆ. ಒಬ್ಬರಿಗೆ ಆಸೆ ಹುಟ್ಟಬೇಕು, ಇನ್ನೊಬ್ಬರಿಗೆ ಅನುಮಾನ ಉಳಿಯಬಾರದು. ಥೀಮ್ ಎನ್ನುವುದು ಪೂರ್ತಿಯಾಗಿ ಮೊದಲನೆಯವರ ಸೊತ್ತು. ಎರಡನೆಯವರಿಗೆ ಸಮುದ್ರವೂ ಬೇಡ, ಆಕಾಶವೂ ಬೇಡ. ಶುರು ಎಷ್ಟು ಗಂಟೆಗೆ, ಮುಗಿಯುವುದು ಎಷ್ಟಕ್ಕೆ, ಮನೆ ಎಲ್ಲಿ, ನಾವೂ ಉಳಿಯಬೇಕೋ ಬಿಟ್ಟುಹೋಗಬಹುದೋ, ಮಗುವಿಗೆ ಆಗದಿರುವುದೇನಾದರೂ ಇದ್ದರೆ ಯಾರಿಗೆ ತಿಳಿಸಬೇಕು, ಇಷ್ಟು ಸಾಕು. ಇದರಲ್ಲಿ "ಮುಗಿಯುವುದು ಎಷ್ಟಕ್ಕೆ" ಎಂಬುದನ್ನು ಬರೆಯಲು ಬಹಳ ಜನ ಸಂಕೋಚಪಡುತ್ತಾರೆ, ಬಂದವರನ್ನು ಹೊರಗಟ್ಟಿದಂತಾಗುತ್ತದೆ ಎಂದು. ಮಗುವನ್ನು ಬಿಟ್ಟುಹೋದ ತಾಯಿತಂದೆಯರಿಗೆ ಅತ್ಯಂತ ಅಗತ್ಯವಾಗಿ ಬೇಕಾದ ಸಂಗತಿ ಅದೇ.

ಅಂದ ಮೇಲೆ ಎರಡೂ ಒಂದೇ ಹಾಳೆಯ ಮೇಲೆ, ಒಂದೇ ಹೊತ್ತಿಗೆ ಹೋಗಬೇಕೆಂಬ ನಿಯಮವೂ ಇಲ್ಲವಲ್ಲ! ಇದು ಹೊಳೆದೊಡನೆ ಮೂರೇ ದಿನ ಉಳಿದಿದೆ ಎಂಬ ಭಯ ಅರ್ಧಕ್ಕೆ ಇಳಿಯಿತು. ಅಂದೇ ರಾತ್ರಿ ಹದಿನಾರು ಮನೆಗಳಿಗೂ ಬೇರೆಬೇರೆಯಾಗಿ, ಯಾವ ಚಿತ್ರವೂ ಇಲ್ಲದ, ಐದು ಸಾಲಿನ ಸಾದಾ ಸಂದೇಶ ಕಳುಹಿಸಿದೆ. ಕೊನೆಯಲ್ಲಿ "ಕಾರ್ಡನ್ನು ಮಗಳು ಶನಿವಾರ ತಾನೇ ಕೊಡುತ್ತಾಳೆ" ಎಂದು ಸೇರಿಸಿದೆ. ತಡವಾಗಿ ಕರೆಯುವಾಗ ಮೊದಲು ತಲುಪಬೇಕಾದದ್ದು ಅಂದವಲ್ಲ, ದಿನಾಂಕ. ಬೇರೆ ಕಡೆ ಹೋಗಲು ಒಪ್ಪಿಕೊಂಡವರಿಗೆ ನಮ್ಮ ಕಾರ್ಡು ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ?

ಹಾಗಾದರೆ ಕಾರ್ಡೇಕೆ, ಸಂದೇಶವೇ ಸಾಕಲ್ಲ ಎಂದು ಮನೆಯಲ್ಲೇ ಒಬ್ಬರು ಕೇಳಿದರು. ಮಗಳು ಅವರನ್ನು ದಿಟ್ಟಿಸಿ ನೋಡಿ, "ನನ್ನ ಕೈಯಲ್ಲಿ ಕೊಡೋಕೆ ಏನಾದ್ರೂ ಬೇಕಲ್ಲ?" ಎಂದಳು. ಅದಕ್ಕೆ ಉತ್ತರವಿರಲಿಲ್ಲ. ಮಕ್ಕಳ ಬಳಿ ಫೋನು ಇರುವುದಿಲ್ಲ, ಇರಲೂಬಾರದು. ಸಂದೇಶ ದೊಡ್ಡವರಿಂದ ದೊಡ್ಡವರಿಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಕರೆದದ್ದು ತನ್ನನ್ನೇ ಎಂಬುದು ಮಗುವಿಗೆ ಗೊತ್ತಾಗುವುದು ತನ್ನ ಹೆಸರು ಬರೆದ ಕಾಗದ ತನ್ನ ಕೈಗೆ ಬಂದಾಗ.

ಆರು ಹಾಳೆಗಳ ಲೆಕ್ಕ

ಖರ್ಚಿನ ವಿಷಯದಲ್ಲಿ ನಾನು ಕಲಿತದ್ದು ಒಂದೇ. ಬಣ್ಣವನ್ನು ಕಾಗದದಿಂದಲೋ ಕುಂಚದಿಂದಲೋ ಪಡೆಯಬೇಕೇ ಹೊರತು ಮುದ್ರಣಯಂತ್ರದ ಶಾಯಿಯಿಂದಲ್ಲ. ಮನೆಯ ಇಂಕ್‌ಜೆಟ್ ಯಂತ್ರದಲ್ಲಿ ಇಡೀ ಹಾಳೆಯನ್ನು ಕಪ್ಪು ಆಕಾಶ ಮಾಡಲು ಹೋದರೆ ಶಾಯಿಯ ಡಬ್ಬಿ ಬರಿದಾಗುತ್ತದೆ, ಒದ್ದೆಯಾದ ಹಾಳೆ ಸುರುಳಿಸುತ್ತಿಕೊಳ್ಳುತ್ತದೆ, ಮುಟ್ಟಿದ ಬೆರಳು ಮಸಿಯಾಗುತ್ತದೆ. ಅಂದು ಕಪ್ಪು ಕಾಗದವನ್ನೇ ತೆಗೆದುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಬೆರಳಿನಿಂದ ಅದರ ಎಳೆಗಳನ್ನು ಮೀಟಿದ್ದರೆ ನಿಮಿಷಕ್ಕೊಂದು ನಕ್ಷತ್ರಲೋಕ ಸಿದ್ಧವಾಗುತ್ತಿತ್ತು. ಇದು ಹೊಳೆದದ್ದು ಒಂದು ವರ್ಷ ಕಳೆದ ಮೇಲೆ, ಬೂಟು ತೊಳೆಯುವಾಗ.

ಈ ಸಲ ಎಲ್ಲ ಲೆಕ್ಕವೂ ಎ4 ಹಾಳೆಯಿಂದ ಹೊರಟಿತು. ಅದರ ಅಳತೆ 210 ಮತ್ತು 297 ಮಿಲಿಮೀಟರು ಎಂಬುದು ನೋಡಲು ಹುಚ್ಚು ಸಂಖ್ಯೆಗಳಂತಿದ್ದರೂ ಅದರ ಹಿಂದೆ ಒಂದು ಅಚ್ಚುಕಟ್ಟಾದ ಉಪಾಯವಿದೆ. ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.414. ಹೀಗಿರುವ ಹಾಳೆಯನ್ನು ಅಡ್ಡಲಾಗಿ ಅರ್ಧಕ್ಕೆ ಮಡಚಿದರೆ ಅರ್ಧವೂ ಅದೇ ಆಕಾರದಲ್ಲಿರುತ್ತದೆ, ಇನ್ನೊಮ್ಮೆ ಮಡಚಿದರೂ ಅಷ್ಟೇ. ಜರ್ಮನಿಯ ವಿಜ್ಞಾನಿ ಲಿಖ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಈ ಗುಣವನ್ನು ಕುರಿತು ಬರೆದಿದ್ದರು. ಅದು ಅಲ್ಲಿನ ಅಧಿಕೃತ ಅಳತೆಯಾದದ್ದು 1922ರಲ್ಲಿ. ಕೊನೆಗಳಿಗೆಯಲ್ಲಿ ಕಾರ್ಡು ಮಾಡುವವಳಿಗೆ ಇದರಿಂದ ಏನು ಲಾಭವೆಂದರೆ, ಎ4ಗೆಂದು ಬರೆದದ್ದನ್ನು ಒಂದು ಪುಟದಲ್ಲಿ ನಾಲ್ಕು ಬರುವಂತೆ ಕುಗ್ಗಿಸಿದರೂ ಅಂಚಿನಲ್ಲಿ ಏನೂ ಕತ್ತರಿಸಿಹೋಗುವುದಿಲ್ಲ, ಏನೂ ಜಗ್ಗಿದಂತೆ ಕಾಣುವುದಿಲ್ಲ. ಅಕ್ಷರದ ಗಾತ್ರ ಮಾತ್ರ ಅರ್ಧವಾಗುತ್ತದೆ. ಅದನ್ನು ಮೊದಲೇ ನೆನಪಿಟ್ಟು ದೊಡ್ಡದಾಗಿ ಬರೆಯಬೇಕು.

ಮಗಳ ಚಿತ್ರಕಲೆಯ ಪುಸ್ತಕದಿಂದ ನಾಲ್ಕು ದಪ್ಪ ಹಾಳೆಗಳನ್ನು ತೆಗೆದು, ಒಂದೊಂದನ್ನೂ ನಾಲ್ಕು ಮಾಡಿದೆವು. ಅಂಚೆ ಕಾರ್ಡಿನಷ್ಟು ದೊಡ್ಡ ಹದಿನಾರು ಕಾರ್ಡುಗಳಾದವು. ವಿವರಗಳನ್ನು ಬೇರೆಯಾಗಿ ಎರಡು ಸಾದಾ ಹಾಳೆಗಳ ಮೇಲೆ, ಹಾಳೆಗೆ ಎಂಟರಂತೆ, ಕಪ್ಪಕ್ಷರದಲ್ಲಿ ಮುದ್ರಿಸಿ ಹದಿನಾರು ಚೀಟಿಗಳಾಗಿ ಕತ್ತರಿಸಿದೆವು. ಚೀಟಿ ಕಾರ್ಡಿನ ಸರಿಯಾಗಿ ಅರ್ಧ. ಹಿಂಬದಿಯಲ್ಲಿ ಅಂಟಿಸಿದರೆ ಇನ್ನರ್ಧ ಖಾಲಿ ಉಳಿಯುತ್ತದೆ. ಕಾರ್ಡಿನ ಬೆನ್ನಿಗೇ ನೇರವಾಗಿ ಏಕೆ ಮುದ್ರಿಸಲಿಲ್ಲವೆಂದರೆ, ಮುಂಬದಿಗೆ ನೀರುಬಣ್ಣ ಬೀಳುವುದಿತ್ತು, ಮತ್ತು ಇಂಕ್‌ಜೆಟ್ಟಿನ ಶಾಯಿಗೆ ನೀರು ಕಂಡರೆ ಹರಿಯುವ ಚಾಳಿ. ಲೇಸರ್ ಯಂತ್ರದಲ್ಲಾದರೆ ಅಕ್ಷರಗಳು ಕಾಗದದ ಮೇಲೆ ಕರಗಿ ಅಂಟಿದ ಪ್ಲಾಸ್ಟಿಕ್ಕಿನ ಪುಡಿಯಾದ್ದರಿಂದ ಆ ಭಯವಿಲ್ಲ.

ಸಿದ್ಧ ವಿನ್ಯಾಸಗಳು ಬೇಕಾದಷ್ಟು ಸಿಗುವಾಗ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ನಾನೂ ಅರ್ಧ ಗಂಟೆ ಅವುಗಳಲ್ಲಿ ಈಜಿದೆ. ನೀರಗುಳ್ಳೆಗಳಂತೆ ಉರುಟಾದ ಚೆಂದದ ಅಕ್ಷರಗಳಿದ್ದ ವಿನ್ಯಾಸದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದೊಡನೆ ಆ ಅಕ್ಷರಗಳೆಲ್ಲ ಮಾಯವಾಗಿ, ಸರ್ಕಾರಿ ಸುತ್ತೋಲೆಯ ಮುಖದ ಸಪ್ಪೆ ಲಿಪಿ ಬಂದು ಕೂರುತ್ತದೆ. ಆ ಅಲಂಕಾರದ ಲಿಪಿಯಲ್ಲಿ ಕನ್ನಡವೇ ಇರುವುದಿಲ್ಲ. ಇನ್ನು ಕೆಲವು ಕಡೆ ಒತ್ತಕ್ಷರ ತನ್ನ ಜಾಗದಿಂದ ಕಳಚಿ, "ಅಕ್ಕ" ಎಂದು ಬರೆದರೆ ಅಕ್ ಬೇರೆ, ಕ ಬೇರೆಯಾಗಿ ನಿಲ್ಲುತ್ತವೆ. ಅದನ್ನು ಸರಿಪಡಿಸುವ ಹೊತ್ತಿನಲ್ಲಿ ಕೈಯಲ್ಲೇ ಬರೆದು ಮುಗಿಸಬಹುದು.

ಮೇಣದ ಆಕ್ಟೋಪಸ್

ಶುಕ್ರವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಮಗಳ ಕೈಗೆ ಒಂದು ಬಿಳಿಯ ಮೇಣದ ಬತ್ತಿಯನ್ನು ಕೊಟ್ಟೆ. ಅದರಿಂದ ಕಾರ್ಡಿನ ಮೇಲೆ ಏನು ಬೇಕಾದರೂ ಬಿಡಿಸು ಎಂದೆ. ಬಿಳಿಯ ಮೇಲೆ ಬಿಳಿ ಗೀಚಿದರೆ ಏನು ಕಂಡೀತು ಎಂದು ಅವಳಿಗೆ ಮೊದಲು ಸಿಟ್ಟು ಬಂತು. ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಗೀಚಿದ ಜಾಗ ಮಾತ್ರ ಮಿರುಗುವುದನ್ನು ತೋರಿಸಿದ ಮೇಲೆ ಸಮಾಧಾನವಾಯಿತು. ಒಂದು ಮೀನು ಬರೆದಳು. ನೀರು ಹೆಚ್ಚಾಗಿ ಬೆರೆಸಿದ ನೀಲಿಯನ್ನು ಅಗಲವಾದ ಕುಂಚದಿಂದ ಒಂದೇ ಸಲ, ಉಜ್ಜದೆ, ಎಳೆದೆ. ಮೇಣವಿದ್ದ ಕಡೆ ನೀರು ನಿಲ್ಲದೆ ಜಾರಿತು, ನೀಲಿಯ ನಡುವಿನಿಂದ ಬಿಳಿಯ ಮೀನು ಎದ್ದು ಬಂತು. ಅವಳು ಒಂದು ಕ್ಷಣ ಏನೂ ಹೇಳಲಿಲ್ಲ. ಆಮೇಲೆ ಕುಂಚವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಎಲ್ಲವೂ ಸುಸೂತ್ರವಾಯಿತೆಂದರೆ ಸುಳ್ಳಾದೀತು. ಬಣ್ಣ ಗಟ್ಟಿಯಾದಾಗ ಮೇಣದ ಮೇಲೂ ಕೂತು ಚಿತ್ರವನ್ನು ನುಂಗಿತು. ಮೇಣವನ್ನು ಒತ್ತಿ ಬರೆಯದ ಕಡೆ ರೇಖೆ ಹರಿದುಹರಿದು ಬಂತು. ನಾನು ಲೋಭದಿಂದ ಪ್ರಯೋಗಕ್ಕೆಂದು ಬಳಸಿದ ಸಾದಾ ಮುದ್ರಣದ ಹಾಳೆ ನೀರು ತಗುಲಿದೊಡನೆ ಏರಿಳಿದು ಮುದುಡಿತು. ಕಾಗದದ ನಾರುಗಳು ನೀರು ಕುಡಿದರೆ ಉಬ್ಬುತ್ತವೆ, ಒದ್ದೆಯಾದ ಭಾಗಕ್ಕೂ ಒಣಗಿದ ಭಾಗಕ್ಕೂ ಅಳತೆ ಹೊಂದದೆ ಹಾಳೆ ಅಲೆಯೇಳುತ್ತದೆ. "ಸಮುದ್ರ ಅಂದ್ಮೇಲೆ ಅಲೆ ಇರ್ಬೇಕಲ್ಲಮ್ಮಾ" ಎಂದು ಮಗಳು ಅದನ್ನು ಸಮರ್ಥಿಸಿದಳು. ನನಗೆ ಹಾಗನ್ನಿಸಲಿಲ್ಲ. ಅದು ಮುದುಡಿದ ಕಾಗದವಾಗಿಯೇ ಕಾಣುತ್ತಿತ್ತು. ದಪ್ಪ ಹಾಳೆಗಳೂ ಕೊಂಚ ಬಾಗಿದವು. ಅವು ಒಣಗಿದ ಮೇಲೆ ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಟ್ಟೆವು, ಬೆಳಿಗ್ಗೆ ನೆಟ್ಟಗಾಗಿದ್ದವು. ಕೊನೆಗಳಿಗೆಯ ಕೆಲಸಕ್ಕೆ ಕೈಹಾಕುವವರು ಲೆಕ್ಕಕ್ಕೆ ಹಿಡಿಯದ ಸಮಯ ಈ ಒಣಗುವ ಸಮಯವೇ. ಶನಿವಾರ ಬೆಳಿಗ್ಗೆ ಬಣ್ಣ ಹಚ್ಚಲು ಕುಳಿತಿದ್ದರೆ ಮಧ್ಯಾಹ್ನ ಕೈಯಲ್ಲಿರುತ್ತಿದ್ದದ್ದು ಹದಿನಾರು ಒದ್ದೆ ರಟ್ಟುಗಳು.

ನಾಲ್ಕೈದು ಕಾರ್ಡುಗಳಾದ ಮೇಲೆ ಮಗಳು ಆಕ್ಟೋಪಸ್ಸಿಗೆ ಬಂದಳು. ಎಂಟು ತೋಳುಗಳು ಎಂದು ಎಣಿಸಿ ಎಣಿಸಿ ಬರೆದಳು. ನಂತರ ಬತ್ತಿಯನ್ನು ಮತ್ತೆ ಒತ್ತಿ, ತಲೆಯ ಭಾಗದಲ್ಲಿ ಏನೋ ಪುಟ್ಟದಾಗಿ ಮೂರು ಸಲ ತಿರುವಿದಳು. ಕಾಣದ ಚಿತ್ರದೊಳಗೆ ಇನ್ನೊಂದು ಕಾಣದ ಚಿತ್ರ. ಅದೇನೆಂದು ಕೇಳಿದರೆ, "ಅದಕ್ಕೆ ಮೂರು ಹೃದಯ ಇರುತ್ತೆ, ನಿಂಗೆ ಗೊತ್ತಿಲ್ವಾ?" ಎಂದಳು. ಗೊತ್ತಿತ್ತು, ಆದರೆ ಹೃದಯವನ್ನು ಕಾರ್ಡಿನಲ್ಲಿ ಬರೆಯಬೇಕೆಂದು ನನಗೆ ಯಾವ ಜನ್ಮಕ್ಕೂ ತೋಚುತ್ತಿರಲಿಲ್ಲ. ಎರಡು ಹೃದಯಗಳು ರಕ್ತವನ್ನು ಕಿವಿರುಗಳಿಗೆ ನೂಕುತ್ತವೆ, ಮೂರನೆಯದು ಮೈಗೆಲ್ಲ ಹಂಚುತ್ತದೆ ಎಂದು ನಾನು ಅಧಿಕಪ್ರಸಂಗ ಮಾಡುತ್ತಿರುವಾಗಲೇ ಅವಳು ಮುಂದಿನ ಕಾರ್ಡಿಗೆ ಹೋಗಿದ್ದಳು. ನೀಲಿ ಹಚ್ಚಿದಾಗ ಆ ಮೂರು ಹೃದಯಗಳು ತಲೆಯ ಗೆರೆಗಳೊಂದಿಗೆ ಬೆರೆತು ಬಿಳಿಯ ಚುಕ್ಕೆಗಳಾಗಿಯಷ್ಟೇ ಕಂಡವು. ಅವು ಏನೆಂದು ಬಲ್ಲವರು ಇಡೀ ಲೋಕದಲ್ಲಿ ನಾವಿಬ್ಬರೇ. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಹತ್ತನೆಯ ಕಾರ್ಡಿನ ಹೊತ್ತಿಗೆ ಅವಳಿಗೆ ಒಂದು ಯೋಚನೆ ಬಂತು. ಬಣ್ಣ ಹಚ್ಚದೆ, ಬರಿಯ ಮೇಣದ ಚಿತ್ರದ ಬಿಳಿ ಕಾರ್ಡನ್ನೇ ಕೊಟ್ಟರೆ ಗೆಳೆಯರು ಮನೆಯಲ್ಲಿ ತಾವೇ ಬಣ್ಣ ಹಚ್ಚಿ ಕಂಡುಹಿಡಿಯಬಹುದಲ್ಲ? ಅದು ನನ್ನ ಎಲ್ಲ ಯೋಚನೆಗಳಿಗಿಂತ ಚೆನ್ನಾಗಿತ್ತು. ಆದರೂ ಬೇಡವೆಂದೆ. ಹದಿನಾರು ಮನೆಗಳಲ್ಲಿ ನಾಲ್ಕು ಮನೆಯವರಾದರೂ ಖಾಲಿ ಕಾರ್ಡೆಂದು ಬದಿಗೆ ಎಸೆದಾರು, ಯಾರದೋ ಮನೆಯಲ್ಲಿ ಬಣ್ಣವೇ ಇರಲಾರದು. ಮತ್ತೊಮ್ಮೆ ಜಾಣತನಕ್ಕೆ ಬಲಿಯಾಗಲು ನಾನು ಸಿದ್ಧಳಿರಲಿಲ್ಲ. ಇದನ್ನು ಬರೆಯುವಾಗ, ಆ ಚೀಟಿ ಹಿಂಬದಿಯಲ್ಲಿ ಇದ್ದೇ ಇತ್ತಲ್ಲ, ಒಪ್ಪಿಬಿಡಬಹುದಿತ್ತು ಎನ್ನಿಸುತ್ತಿದೆ.

ದಾಕ್ಷಿಣ್ಯವಿಲ್ಲದ ಚೀಟಿ

ಚೀಟಿಯನ್ನು ನಾನು ಬರೆದೆ. "ಶುರು: ಸಂಜೆ 4 ಗಂಟೆ. ಮುಗಿಯುವುದು: 6.30." ಮುಳುಗುವುದು, ತೇಲುವುದು, ದಡ ಸೇರುವುದು, ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ವಿಳಾಸ, ಫೋನ್ ಸಂಖ್ಯೆ, "ಶನಿವಾರ ರಾತ್ರಿಯೊಳಗೆ ತಿಳಿಸಿ" ಎಂಬ ಒಂದು ಸಾಲು. ಬರೆದು ಮುಗಿದ ಮೇಲೆ, ಹುಟ್ಟುಹಬ್ಬದ ಬಗ್ಗೆ ಏನೂ ಗೊತ್ತಿಲ್ಲದ ಪಕ್ಕದ ಮನೆಯವರಿಗೆ ಕೊಟ್ಟು, "ಇದನ್ನು ಓದಿ ನೀವು ಎಷ್ಟು ಗಂಟೆಗೆ ಬರುತ್ತೀರಿ ಹೇಳಿ" ಎಂದು ಕೇಳಿದೆ. ಅವರು ನಾಲ್ಕು ಎಂದರು. ಒಂದು ನಿಮಿಷದ ಈ ಪರೀಕ್ಷೆಯನ್ನು ಮೂರು ವರ್ಷಗಳ ಹಿಂದೆ ಮಾಡಿದ್ದರೆ ಒಂದು ಶಿರಸ್ತ್ರಾಣ ಕಂಕುಳು ಸೇರುತ್ತಿರಲಿಲ್ಲ.

ಕಾರ್ಡಿನ ಫೋಟೋ ತೆಗೆದು ದೂರದ ಇಬ್ಬರಿಗೆ ಕಳುಹಿಸಿದ್ದೂ ಉಂಟು. ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವುದರಿಂದ ಸಣ್ಣ ಅಕ್ಷರಗಳು ಮಂಕಾಗುತ್ತವೆ, ಹಾಗಾಗಿ ವಿವರಗಳನ್ನು ಚಿತ್ರದ ಕೆಳಗೆ ಮತ್ತೆ ಟೈಪು ಮಾಡಿದೆ. ಹಾಗೆ ಮಾಡಿದರೆ ವಿಳಾಸವನ್ನು ನಕಲಿಸಿಕೊಳ್ಳಲೂ ಅನುಕೂಲ. ಎಲ್ಲರೂ ಇರುವ ದೊಡ್ಡ ಗುಂಪಿಗೆ ಮಾತ್ರ ಹಾಕಲಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಮೂರೂ ಒಂದೇ ಕಡೆ ಇರುವ ಕಾಗದ ಎಲ್ಲೆಲ್ಲಿಗೋ ಹೋಗುವುದು ನನಗೆ ಇಷ್ಟವಿಲ್ಲ. ಅಷ್ಟೇ ಅಲ್ಲ, ಕರೆಯದವರ ಕಣ್ಣಿಗೆ ಕರೆಯೋಲೆ ಬೀಳುವುದು ಅದಕ್ಕಿಂತ ಕೆಟ್ಟದ್ದು. ಕಾರ್ಡುಗಳನ್ನು ತರಗತಿಯಲ್ಲಿ ಹಂಚದೆ ಮನೆಮನೆಗೆ ಹೋಗಿ ಕೊಟ್ಟದ್ದೂ ಅದೇ ಕಾರಣಕ್ಕೆ.

ಲಂಡನ್ನಿನ ಹೆನ್ರಿ ಕೋಲ್ ಎಂಬವರು 1843ರಲ್ಲಿ ಕ್ರಿಸ್‌ಮಸ್ ಶುಭಾಶಯದ ಕಾರ್ಡನ್ನು ಮುದ್ರಿಸಲು ಹೇಳಿದ್ದು, ಬಂಧುಮಿತ್ರರಿಗೆಲ್ಲ ಪ್ರತ್ಯೇಕ ಪತ್ರ ಬರೆಯಲು ಸಮಯ ಸಾಲದೆ. ಆ ಕಾರ್ಡಿನಲ್ಲೂ ಹೆಸರು ಬರೆಯಲು ಖಾಲಿ ಜಾಗ ಬಿಟ್ಟಿದ್ದರು. ನಮ್ಮ ಕಾರ್ಡಿನ ಬೆನ್ನಿನ ಖಾಲಿ ಅರ್ಧವನ್ನು ನೋಡಿದಾಗ ಅದು ನೆನಪಾಯಿತು. ಒಂದೊಂದರಲ್ಲೂ ಗೆಳೆಯರ ಹೆಸರು ಬರೆದು "ಸಮುದ್ರದಾಳಕ್ಕೆ ಬಾ" ಎಂದು ಬರೆಯಲು ಮಗಳಿಗೆ ಹೇಳಿ, ಅಂಟಿನ ಕಡ್ಡಿಯನ್ನು ಹುಡುಕಲು ಎದ್ದೆ. ನೀರಾದ ಗೋಂದು ಬಳಸಿದರೆ ಕಾಗದ ಮತ್ತೆ ಅಲೆಯೇಳುತ್ತದೆ ಎಂಬ ಬುದ್ಧಿ ಅಷ್ಟು ಹೊತ್ತಿಗೆ ಬಂದಿತ್ತು.

ತಿರುಗಿ ಬಂದಾಗ ಅವಳು ಮೂರು ಹೃದಯಗಳ ಆಕ್ಟೋಪಸ್ಸನ್ನು ಬೇರೆಯಾಗಿ ತೆಗೆದಿಟ್ಟು, ಅದರ ಬೆನ್ನಿನ ಮೇಲೆ ತುಂಬ ಹೊತ್ತು ಬರೆಯುತ್ತಿದ್ದಳು. ಅಂದಿನ ಗಗನಯಾತ್ರಿಯ ಹೆಸರು ಮೇಲಿತ್ತು. ಕೆಳಗೆ, ಪೆನ್ಸಿಲನ್ನು ಒತ್ತಿ ಒತ್ತಿ, "ನಾಲ್ಕು ಗಂಟೆಗೆ ಶುರು. ನಾಲ್ಕಕ್ಕೇ ಬಾ. ಲೇಟಾಗಿ ಬರಬೇಡ. ನೀನಿಲ್ಲದೆ ಶುರು ಮಾಡಲ್ಲ" ಎಂದಿತ್ತು. ಆ ಸಂಜೆಯನ್ನು ನೆನಪಿಟ್ಟುಕೊಂಡವಳು ನಾನೊಬ್ಬಳೇ ಎಂದು ತಿಳಿದಿದ್ದೆ.

ಭಾನುವಾರ ಮೂರು ಗಂಟೆಗೆ ನಾನಿನ್ನೂ ಕುರ್ಚಿಯ ಮೇಲೆ ನಿಂತು ನೀಲಿ ಕಾಗದದ ಪಟ್ಟಿಗಳನ್ನು ತೂಗುಹಾಕುತ್ತಿದ್ದೆ. ಅರ್ಧ ಗೋಡೆ ಬರಿದಾಗಿತ್ತು, ಬಲೂನುಗಳು ಪೊಟ್ಟಣದಲ್ಲೇ ಇದ್ದವು. ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಈಜುವ ಕನ್ನಡಕ ಹಾಕಿಕೊಂಡು, ಕಾಲಿಗೆ ರಟ್ಟಿನ ರೆಕ್ಕೆ ಕಟ್ಟಿಕೊಂಡ ಹುಡುಗನೊಬ್ಬ ನಿಂತಿದ್ದ. ಅವನ ಹಿಂದೆ ಅದೇ ತಂದೆ, ಅದೇ ಸಂಕೋಚದ ಮುಖ. "ಒಂದು ಗಂಟೆ ಬೇಗ ಅಂತ ಗೊತ್ತು, ಇವನು ಕೇಳಲೇ ಇಲ್ಲ" ಎಂದರು. ಹುಡುಗ ಅಷ್ಟರಲ್ಲಿ ಒಳಗೆ ಬಂದು, ಬಲೂನುಗಳ ಪೊಟ್ಟಣವನ್ನು ಹರಿದು, ಮಗಳೊಂದಿಗೆ ನೆಲದ ಮೇಲೆ ಕುಳಿತಿದ್ದ.